ಮಕ್ಕಳು ಬರೆಯುವ ಗುಡ್ಡ ಯಾವ ಊರಿನದು?

ಏಪ್ರಿಲ್ ಬಂತೆಂದರೆ ನಗರಗಳಲ್ಲಿ ಮಕ್ಕಳ ಶಿಬಿರಗಳ ಸುಗ್ಗಿ. ವಸ್ತುಸಂಗ್ರಹಾಲಯಗಳೂ ಚಿತ್ರಶಾಲೆಗಳೂ ರಜೆಯಲ್ಲಿ ಮಕ್ಕಳನ್ನು ಕರೆದು, ಕಾಗದ ಬಣ್ಣ ಕೊಟ್ಟು ಚಿತ್ರ ಬರೆಸುತ್ತವೆ. ಬೆಂಗಳೂರಿನಲ್ಲಿ ನೆಲೆಸಿರುವ ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಕೆಲವರು ತಮ್ಮ ಮಕ್ಕಳನ್ನು ಅಲ್ಲಿಗೆ ಕಳುಹಿಸುತ್ತಾರೆ. ಸಂತೋಷ. ಆದರೆ ಇಂಥ ಶಿಬಿರದ ಅಗತ್ಯ ಯಾದಗಿರಿ, ಶಹಾಪುರ, ಸುರಪುರಗಳ ಮಕ್ಕಳಿಗೇ ಹೆಚ್ಚು ಎಂಬುದು ನನ್ನ ಅಭಿಪ್ರಾಯ.

ನೀವೆಲ್ಲರೂ ಶಾಲೆಯಲ್ಲಿ ‘ನಿಸರ್ಗ ಚಿತ್ರ’ ಬರೆದವರೇ. ಎರಡು ಮೊನಚು ಗುಡ್ಡ, ನಡುವೆ ಸೂರ್ಯ, ಕೆಳಗೆ ಹೊಳೆ, ದಡದಲ್ಲಿ ಹೆಂಚಿನ ಮನೆ, ಪಕ್ಕದಲ್ಲೊಂದು ತೆಂಗಿನ ಮರ. ನಮ್ಮ ಸೀಮೆಯಲ್ಲಿ ಅಂಥ ಗುಡ್ಡ ಎಲ್ಲಿದೆ? ಸುರಪುರದ ಗುಡ್ಡವೆಂದರೆ ಉರುಟು ಬಂಡೆಗಳ ರಾಶಿ. ಶಹಾಪುರದ ಬೆಟ್ಟದಲ್ಲಿ ಮಲಗಿದ ಬುದ್ಧನ ಆಕಾರವನ್ನು ಜನ ನಿಂತು ನೋಡುತ್ತಾರೆ. ನಮ್ಮ ಮನೆಗಳಿಗೆ ಮಾಳಿಗೆ, ಹೊಲದ ಬದುವಿಗೆ ಜಾಲಿ, ಬೇವು. ಇವು ಮಗುವಿನ ಕಣ್ಣೆದುರಿಗಿದ್ದರೂ ಹಾಳೆಯ ಮೇಲೆ ಬರುವುದಿಲ್ಲ. ತನ್ನ ಊರು ಚಿತ್ರಕ್ಕೆ ತಕ್ಕದ್ದಲ್ಲವೆಂಬ ಭಾವನೆ ಅದಕ್ಕೆ ತಿಳಿಯದಂತೆಯೇ ಮನಸ್ಸಿನಲ್ಲಿ ಬೇರೂರುತ್ತದೆ.

ಈ ಭಾವನೆ ಎಷ್ಟು ಸುಳ್ಳೆಂಬುದನ್ನು ಗಮನಿಸಿ. ಹುಣಸಗಿ ಬಳಿಯ ಇಸಾಂಪುರದಲ್ಲಿ ಪುಣೆಯ ಡೆಕ್ಕನ್ ಕಾಲೇಜಿನ ಕೆ. ಪದ್ದಯ್ಯನವರು ಉತ್ಖನನ ನಡೆಸಿ, ಆದಿಮಾನವರು ಸುಣ್ಣಕಲ್ಲನ್ನು ಒಡೆದು ಆಯುಧ ಮಾಡುತ್ತಿದ್ದ ಸ್ಥಳವನ್ನು ಬೆಳಕಿಗೆ ತಂದರು. ಅದರ ಕಾಲ ಸುಮಾರು 12 ಲಕ್ಷ ವರ್ಷಗಳಷ್ಟು ಹಿಂದಿನದೆಂದು ಅಂದಾಜು. ಬೂದಿಹಾಳದ ಬೂದಿದಿಬ್ಬ ನವಶಿಲಾಯುಗದ ದನಗಾಹಿಗಳ ನೆಲೆ. ಸುಟ್ಟ ಸಗಣಿಯೇ ಅಲ್ಲಿ ದಿಬ್ಬವಾಗಿದೆ. ಇನ್ನು ಸುರಪುರದ ನಾಯಕ ಅರಸರ ಆಶ್ರಯದಲ್ಲಿ ಗರುಡಾದ್ರಿ ಮನೆತನದ ಕಲಾವಿದರು ಸೂಕ್ಷ್ಮ ರೇಖೆಗಳ, ಚಿನ್ನದ ಹೊಳಪಿನ ಚಿತ್ರಗಳನ್ನು ಬರೆದರು. 1858ರಲ್ಲಿ ರಾಜಾ ವೆಂಕಟಪ್ಪನಾಯಕರ ಅಂತ್ಯದ ಬಳಿಕ ಸಂಸ್ಥಾನ ಅಳಿಯಿತು. ಕಲೆಗೆ ಅರಸೊತ್ತಿಗೆಯ ಆಸರೆ ತಪ್ಪಿತು. ಸುರಪುರ ಶೈಲಿಯೆಂದು ವಿದ್ವಾಂಸರು ಹೆಸರಿಸುವ ಕಲೆಯನ್ನು ಸುರಪುರದ ಮಗುವೇ ಕಂಡಿಲ್ಲವೆಂದರೆ ನಷ್ಟ ಯಾರದು?

ವಸ್ತುಸಂಗ್ರಹಾಲಯದ ಶಿಬಿರ ಮಾಡಬೇಕಾದ ಕೆಲಸ ಇಲ್ಲಿಯೇ ಇದೆ. ಅದು ಸ್ಪರ್ಧೆಯಾಗಬಾರದು, ಬಹುಮಾನವೆಂದೊಡನೆ ಮಕ್ಕಳು ಪಕ್ಕದವರ ಹಾಳೆ ನೋಡತೊಡಗುತ್ತಾರೆ. ಒಂದೇ ವಸ್ತುವಿನ ಮುಂದೆ ಮಗು ಅರ್ಧ ಗಂಟೆ ಕುಳಿತಿರಲಿ. ಮೊದಲು ನೋಡಲಿ, ಆಮೇಲೆ ಪೆನ್ಸಿಲ್ ಹಿಡಿಯಲಿ. ಕಲ್ಗೊಡಲಿಯ ಅಂಚನ್ನು ಬರೆಯುವಾಗ, ಏಟು ಯಾವ ಕಡೆಯಿಂದ ಬಿದ್ದಿತೆಂದು ಅದೇ ಕೇಳುತ್ತದೆ. ಬರೆಯುವುದೆಂದರೆ ಗಮನವಿಟ್ಟು ನೋಡುವುದು. 1840ರ ದಶಕದಲ್ಲಿ ಸುರಪುರದ ಆಡಳಿತ ನೋಡಿಕೊಂಡ ಮೆಡೋಸ್ ಟೇಲರ್ ಇಲ್ಲಿಯ ಶಿಲಾಸಮಾಧಿಗಳನ್ನು ಅಳೆದು, ಚಿತ್ರ ಬರೆದು ದಾಖಲಿಸಿದ. ಹೊರಗಿನಿಂದ ಬಂದವನಿಗೆ ಕಂಡದ್ದು ಇಲ್ಲಿ ಹುಟ್ಟಿದವರಿಗೆ ಕಾಣಬೇಡವೆ?

ಇದಕ್ಕೆ ಅಡಚಣೆಗಳಿವೆ. ಕಲಬುರಗಿಯ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿ ಸನ್ನತಿಯ ಬೌದ್ಧ ಶಿಲ್ಪಗಳಿವೆ. ಆದರೆ ಸುರಪುರದಿಂದ ಅಲ್ಲಿಗೆ ಎರಡು-ಮೂರು ತಾಸಿನ ಹಾದಿ. ಬೇಸಿಗೆಯಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ. ಎಷ್ಟೋ ಮಕ್ಕಳು ತಂದೆತಾಯಿಯರೊಡನೆ ಗುಳೆ ಹೋಗಿರುತ್ತಾರೆ. ಊರಿನ ಅಗತ್ಯ ಹೆಚ್ಚಾಗಿರುವುದು ಆ ಮಕ್ಕಳಿಗೇ. ಆದ್ದರಿಂದ ಶಿಬಿರವನ್ನು ದಸರಾ ರಜೆಯಲ್ಲಿ, ಶುಲ್ಕವಿಲ್ಲದೆ ನಡೆಸುವುದು ಲೇಸು. ಒಂದು ದಿನ ಕಲಬುರಗಿಯಲ್ಲಿ, ಉಳಿದ ದಿನ ಊರಿನಲ್ಲಿಯೇ, ಕೋಟೆಯ ಗೋಡೆ, ಗುಡಿಯ ಕಂಬಗಳ ಎದುರಿನಲ್ಲಿ ನಡೆದರೆ ಸಾಕು.

ನಿಮ್ಮಲ್ಲಿ ಹಲವರು ಇಂದು ಶಿಕ್ಷಕರು. ಕೆಲವರು ಅಧಿಕಾರದ ಸ್ಥಾನದಲ್ಲಿಯೂ ಇದ್ದೀರಿ. ಒಂದು ಬಸ್ಸು, ಐವತ್ತು ಹಾಳೆ, ಒಬ್ಬ ತಾಳ್ಮೆಯ ಡ್ರಾಯಿಂಗ್ ಮಾಸ್ತರು, ಇಷ್ಟನ್ನು ಒದಗಿಸುವುದು ನಿಮ್ಮ ಕೈಮೀರಿದ್ದಲ್ಲ. ಮುಂದಿನ ದಸರೆಗೆ ಯಾರು ಮುಂದಾಗುತ್ತೀರಿ, ತಿಳಿಸಿ.