ಅಂಕ ನೋಡುವ ಮುನ್ನ

ಕಳೆದ ತಿಂಗಳು ಪರೀಕ್ಷೆಯ ಉತ್ತರ ಪತ್ರಿಕೆ ಹಂಚಿದ ಮರುದಿನ ಒಂಬತ್ತನೇ ತರಗತಿಯ ಹುಡುಗನೊಬ್ಬನ ತಂದೆ ಶಾಲೆಗೆ ಬಂದರು. ಪತ್ರಿಕೆಯನ್ನು ನನ್ನ ಮೇಜಿನ ಮೇಲಿಟ್ಟು, "ಇವನ ತಲೆಗೆ ಸೈನ್ಸ್ ಹತ್ತೋದಿಲ್ಲ ಬಿಡಿ ಸಾರ್" ಎಂದರು. ಹುಡುಗ ಪಕ್ಕದಲ್ಲೇ ತಲೆ ತಗ್ಗಿಸಿ ನಿಂತಿದ್ದ. ಆಗ ನನಗೆ ಟಾಮ್ ಲ್ಯಾಂಡ್ರಿ ನೆನಪಾದರು.

ಲ್ಯಾಂಡ್ರಿ ವಿಜ್ಞಾನಿಯಲ್ಲ, ಅಮೆರಿಕನ್ ಫುಟ್‌ಬಾಲ್ ಆಟಗಾರ, ಆಮೇಲೆ ತರಬೇತುದಾರ. ಇದು ನಾವು ಬಲ್ಲ ಕಾಲ್ಚೆಂಡಾಟವಲ್ಲ. ಮೊಟ್ಟೆಯಾಕಾರದ ಚೆಂಡನ್ನು ಕೈಯಲ್ಲಿ ಹಿಡಿದು ಓಡುತ್ತಾರೆ, ಎಸೆಯುತ್ತಾರೆ. ಪ್ರತಿ ತಂಡದಲ್ಲಿ 11 ಜನ. ನಾಲ್ಕು ಯತ್ನಗಳಲ್ಲಿ 10 ಗಜ, ಅಂದರೆ ಸುಮಾರು 9 ಮೀಟರ್ ಮುಂದೆ ಸಾಗಬೇಕು. ಒಂದೊಂದು ಯತ್ನಕ್ಕೂ ಮೊದಲೇ ಯೋಜನೆ ಹಾಕಿಕೊಳ್ಳುತ್ತಾರೆ. ನೋಡುವವರಿಗೆ ಬರೀ ತಳ್ಳಾಟ, ಆಡುವವರಿಗೆ ಚದುರಂಗ.

1924ರಲ್ಲಿ ಟೆಕ್ಸಾಸ್ ರಾಜ್ಯದ ಮಿಷನ್ ಎಂಬ ಊರಿನಲ್ಲಿ ಹುಟ್ಟಿದ ಲ್ಯಾಂಡ್ರಿ, ಎರಡನೇ ಮಹಾಯುದ್ಧದಲ್ಲಿ ಬಾಂಬರ್ ವಿಮಾನದಲ್ಲಿ 30 ಬಾರಿ ದಾಳಿಗೆ ಹೋಗಿ ಬದುಕಿ ಬಂದವರು. 1950ರಿಂದ 1955ರವರೆಗೆ ನ್ಯೂಯಾರ್ಕ್ ಜೈಂಟ್ಸ್ ತಂಡದ ರಕ್ಷಣಾ ವಿಭಾಗದಲ್ಲಿ ಆಡಿದರು. ಅವರದು ಹೇಳಿಕೊಳ್ಳುವಂಥ ಓಟವೇನಲ್ಲ. ಹಾಗಾಗಿ ಎದುರಾಳಿ ಎಲ್ಲಿ ನಿಂತರೆ ಎತ್ತ ಓಡುತ್ತಾನೆ ಎಂಬುದನ್ನು ಗಮನಿಸಿ, ಅವನಿಗಿಂತ ಮೊದಲೇ ಅಲ್ಲಿಗೆ ತಲುಪುವುದನ್ನು ಕಲಿತರು. ಗಮನಿಸು, ಊಹಿಸು, ಪರೀಕ್ಷಿಸು. ನಿಮ್ಮ ವಿಜ್ಞಾನದ ಮೊದಲ ಪಾಠವೂ ಇದೇ ಅಲ್ಲವೇ? ಆಡುತ್ತಲೇ ಓದಿ 1952ರಲ್ಲಿ ಹೂಸ್ಟನ್ ವಿಶ್ವವಿದ್ಯಾಲಯದಿಂದ ಇಂಡಸ್ಟ್ರಿಯಲ್ ಎಂಜಿನಿಯರಿಂಗ್‌ನಲ್ಲಿ ಸ್ನಾತಕೋತ್ತರ ಪದವಿ ಪಡೆದರು. 1954ರಿಂದ ಎರಡು ವರ್ಷ ಆಟಗಾರರೂ ಅವರೇ, ರಕ್ಷಣಾ ವಿಭಾಗದ ತರಬೇತುದಾರರೂ ಅವರೇ. 1956ರಲ್ಲಿ ಆ ತಂಡ ಚಾಂಪಿಯನ್ ಆಯಿತು.

1960ರಲ್ಲಿ ಡಲ್ಲಾಸ್ ಕೌಬಾಯ್ಸ್ ಎಂಬ ಹೊಸ ತಂಡ ಹುಟ್ಟಿತು. ಲ್ಯಾಂಡ್ರಿ ಅದರ ಮುಖ್ಯ ತರಬೇತುದಾರರಾದರು. ಮೊದಲ ವರ್ಷದ ಫಲಿತಾಂಶ ಕೇಳಿ: 12 ಪಂದ್ಯ, 11 ಸೋಲು, ಒಂದು ಡ್ರಾ. ಗೆಲುವು ಸೊನ್ನೆ!

ತರಬೇತುದಾರ ದಡ್ಡ ಎನ್ನೋಣವೇ? ಅವಸರ ಬೇಡ. ಕಾಲೇಜುಗಳಿಂದ ಹೊಸ ಆಟಗಾರರನ್ನು ಆರಿಸಿಕೊಳ್ಳುವ ಆ ವರ್ಷದ ಸರದಿ ಮುಗಿದ ಮೇಲೆ ಈ ತಂಡಕ್ಕೆ ಪ್ರವೇಶ ಸಿಕ್ಕಿತ್ತು. ಉಳಿದ 12 ತಂಡಗಳು ತಲಾ ಮೂವರಂತೆ ಬಿಟ್ಟುಕೊಟ್ಟ 36 ಆಟಗಾರರೇ ಅದರ ಬಂಡವಾಳ. ಸೊನ್ನೆ ಎಂಬ ಅಂಕಿ ನಿಜ; ಅದರ ಕಾರಣ ಮಾತ್ರ ಆ ಅಂಕಿಯೊಳಗೆ ಇರಲಿಲ್ಲ.

ಮುಂದಿನ ನಾಲ್ಕು ವರ್ಷವೂ ಗೆಲುವಿಗಿಂತ ಸೋಲೇ ಹೆಚ್ಚು. ಇಂಥ ಹೊತ್ತಿನಲ್ಲಿ, 1964ರ ಆರಂಭದಲ್ಲಿ, ಮಾಲೀಕ ಕ್ಲಿಂಟ್ ಮರ್ಚಿಸನ್ ಅವರನ್ನು ಮನೆಗೆ ಕಳಿಸುವ ಬದಲು ಒಪ್ಪಂದವನ್ನು ಹತ್ತು ವರ್ಷ ವಿಸ್ತರಿಸಿದರು!

ಸಿಕ್ಕ ಕಾಲದಲ್ಲಿ ಲ್ಯಾಂಡ್ರಿ ಕೈಕಟ್ಟಿ ಕೂರಲಿಲ್ಲ. ಮುಗಿದ ಪಂದ್ಯಗಳ ಫಿಲಂ ಹಾಕಿಕೊಂಡು ಒಂದೊಂದು ಯತ್ನವನ್ನೂ ಪರಿಶೀಲಿಸುವುದು ಅವರ ಪದ್ಧತಿ. "ಸೋತೆವು" ಎಂದರೆ ಏನೂ ತಿಳಿಯದು. ಯಾವ ಯತ್ನದಲ್ಲಿ, ಯಾರು, ಎಲ್ಲಿ ತಪ್ಪಿದರು ಎಂದು ಗೊತ್ತಾದರೆ ತಾನೇ ತಿದ್ದಲು ಸಾಧ್ಯ?

1966ರಿಂದ 1985ರವರೆಗೆ, ಸತತ 20 ವರ್ಷ, ತಂಡ ಸೋತದ್ದಕ್ಕಿಂತ ಗೆದ್ದದ್ದೇ ಹೆಚ್ಚು. 1972 ಮತ್ತು 1978ರ ಜನವರಿಯಲ್ಲಿ ಸೂಪರ್ ಬೌಲ್ ಕೂಡ ಗೆದ್ದಿತು. ಹಾಗೆಂದು ಇದು ಸುಖಾಂತದ ಕಥೆಯಲ್ಲ. 1988ರಲ್ಲಿ 16 ಪಂದ್ಯಗಳಲ್ಲಿ ಮೂರನ್ನಷ್ಟೇ ಗೆದ್ದರು. 1989ರ ಫೆಬ್ರವರಿಯಲ್ಲಿ ತಂಡ ಕೊಂಡ ಹೊಸ ಮಾಲೀಕರು, 29 ವರ್ಷ ದುಡಿದ ಅವರನ್ನು ಕೆಲಸದಿಂದ ತೆಗೆದರು. ಕೊಟ್ಟ ಕಾಲಕ್ಕೂ ಒಂದು ಕೊನೆಯಿದೆ. ಇರುವಾಗ ಅದನ್ನು ಹೇಗೆ ಬಳಸಿದೆವು ಎಂಬುದಷ್ಟೇ ನಮ್ಮ ಕೈಯಲ್ಲಿದೆ.

ಈಗ ಆ ಹುಡುಗನ ವಿಷಯ. ತಂದೆ-ಮಗ ಇಬ್ಬರನ್ನೂ ಕೂರಿಸಿಕೊಂಡು ಪತ್ರಿಕೆ ಬಿಡಿಸಿದೆ. ಚಲನೆಯ ಪಾಠದ ನಾಲ್ಕು ಲೆಕ್ಕಗಳಿಗೂ ಕೆಂಪು ಗೆರೆ ಬಿದ್ದಿತ್ತು. ತಂದೆ ಕನ್ನಡಕ ಏರಿಸಿ ನೋಡುತ್ತಾ, "ಸೂತ್ರ ಸರಿಯಾಗಿ ಬರೆದಿದ್ದಾನಲ್ಲ ಸಾರ್?" ಎಂದರು. ಹೌದು, ಸೂತ್ರ ಸರಿಯಾಗಿತ್ತು, ಗುಣಾಕಾರವೂ ಸರಿ. ಗಂಟೆಗೆ ಕಿಲೋಮೀಟರ್ ಇದ್ದದ್ದನ್ನು ಸೆಕೆಂಡಿಗೆ ಮೀಟರ್ ಮಾಡಿಕೊಳ್ಳುವುದನ್ನು ನಾಲ್ಕರಲ್ಲೂ ಮರೆತಿದ್ದ. ನಾಲ್ಕು ತಪ್ಪಲ್ಲ, ಒಂದೇ ತಪ್ಪು! 18ರಿಂದ ಭಾಗಿಸಿ 5ರಿಂದ ಗುಣಿಸಿದ್ದರೆ ಮುಗಿಯುತ್ತಿತ್ತು.

ಆ ಕೆಂಪು ಗೆರೆ ಎಳೆದವನು ನಾನೇ. ತಿದ್ದುವಾಗ ಇದು ನನ್ನ ಕಣ್ಣಿಗೆ ಬಿದ್ದಿರಲಿಲ್ಲ. ನಾನು ಕೂಡ ಅಂಕ ಕೂಡಿಸಿ ಪಕ್ಕಕ್ಕಿಟ್ಟಿದ್ದೆ. ಹುಡುಗನ ಎದುರಿಗೇ ಇದನ್ನು ಒಪ್ಪಿಕೊಂಡೆ. ಅವನು ಮೊದಲ ಬಾರಿಗೆ ತಲೆಯೆತ್ತಿದ.

ಪಾಲಕರೇ, ಮುಂದಿನ ಸಲ ಉತ್ತರ ಪತ್ರಿಕೆ ಮನೆಗೆ ಬಂದಾಗ ಮೇಲಿನ ಅಂಕಿಯ ಮೇಲೆ ಕೈ ಮುಚ್ಚಿ, ಮೊದಲು ಒಳಗಿನ ಪುಟ ತೆರೆಯಿರಿ. ವಿದ್ಯಾರ್ಥಿಗಳೇ, ನಾಚಿಕೆಪಟ್ಟು ಅದನ್ನು ಚೀಲದ ತಳದಲ್ಲಿ ಬಚ್ಚಿಡಬೇಡಿ. ಅದು ನೀವು ಆಡಿದ ಪಂದ್ಯದ ಫಿಲಂ, ಕೂತು ನೋಡಿ.