ಔಟ್‌ಪುಟ್ ಬಂದ್ರೆ ಸಾಕಾ?

ಸಿ ಲ್ಯಾಬಲ್ಲಿ ನಮ್ಮ ಪ್ರೋಗ್ರಾಂ ಫ್ರೀ ಮಾಡೋ ಸಾಲಲ್ಲೇ ಕ್ರ್ಯಾಶ್ ಆಗ್ತಿತ್ತು. ಎರಡು ಗಂಟೆ ಆ ಸಾಲನ್ನೇ ಬೈದೆವು. ಮೊದಲಿನ ಸಾಲುಗಳ ನಡುವೆ ಒಂದು ಪ್ರಿಂಟ್‌ಎಫ್ ಹಾಕಿದ್ವಿ ನೋಡಿ, ಕ್ರ್ಯಾಶ್ ಮಾಯ! ಔಟ್‌ಪುಟ್ ತೋರಿಸಿ ಮಾರ್ಕ್ಸ್ ತಗೊಂಡೆವು.

ಆಮೇಲೆ ವಾಲ್‌ಗ್ರಿಂಡ್‌ನಲ್ಲಿ ಓಡಿಸಿದಾಗ ನಿಜ ಗೊತ್ತಾಯ್ತು. 24 ಇಂಗ್ಲಿಷ್ ಅಕ್ಷರಗಳ ಹೆಸರಿಗೆ ಮ್ಯಾಲಕ್‌ನಲ್ಲಿ 24 ಬೈಟ್ ಕೇಳಿದ್ದೆವು. ಕೊನೆಯ ಸೊನ್ನೆಗೆ 25ನೇ ಬೈಟ್ ಬೇಕಿತ್ತು. ಅದು ಪಕ್ಕದ ಬ್ಲಾಕಿನ ಅಳತೆಯನ್ನೇ ಕೆಡಿಸಿತ್ತು. ಪ್ರಿಂಟ್‌ಎಫ್ ತನ್ನ ಬಫರ್‌ಗೆ ಜಾಗ ಹಿಡಿದಾಗ ಪಕ್ಕದ ಮನೆಯವರು ಬದಲಾದರು, ಅಷ್ಟೇ. ತಪ್ಪು ಅಲ್ಲೇ ಇತ್ತು.

ಜಾರಿದ್ದು ಒಂದು ಕಡೆ, ಬಿದ್ದಿದ್ದು ಇನ್ನೊಂದು ಕಡೆ. ಹಾಗಾಗಿ ಲ್ಯಾಬ್ ರೆಕಾರ್ಡಲ್ಲಿ ಔಟ್‌ಪುಟ್ ಜೊತೆ ವಾಲ್‌ಗ್ರಿಂಡ್ ವರದಿಯನ್ನೂ ಕೇಳಬೇಕು ಅನ್ನೋದು ನಮ್ಮ ವಾದ. ಮೊದಮೊದಲು ಮಾರ್ಕ್ಸ್ ಹೋಗ್ಬಹುದು. ಹೋಗ್ಲಿ ಬಿಡಿ, ಆವತ್ತಿನ ಮಾರ್ಕ್ಸ್ ನಮ್ಮದಾಗಿರಲೇ ಇಲ್ಲ.