ಹಳೆ ಬಾಗಿಲಿಗೊಂದು ಹೊಸ ಮನೆ

'ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು' ಎಂದರು ಹಿರಿಯರು. ಮನೆ ಕೆಡವಿ ನೋಡು ಎಂದು ಮಾತ್ರ ಯಾರೂ ಹೇಳಲಿಲ್ಲ. ಬಾಗಲಕೋಟೆಯ ಜನ ಅದನ್ನೂ ನೋಡಿದರು. ಆಲಮಟ್ಟಿಯಲ್ಲಿ ಕೃಷ್ಣೆಯ ಅಣೆಕಟ್ಟಿಗೆ ಅಡಿಗಲ್ಲು ಬಿದ್ದದ್ದು 1964ರಲ್ಲಿ. ಮುಂದಿನ ನಾಲ್ಕು ದಶಕಗಳಲ್ಲಿ ಆ ಹಿನ್ನೀರು ಘಟಪ್ರಭೆಯ ಗುಂಟ ಏರಿ ಬಂದು ಹಳೆ ಊರಿನ ತಗ್ಗಿನ ಓಣಿಗಳನ್ನು ಕೇಳಿತು. ಜನ ಎದ್ದು ನವನಗರಕ್ಕೆ ಹೋದರು. ಹೋಗುವ ಮುನ್ನ ಮನೆಗಳನ್ನು ಬಿಚ್ಚಿದರು. ಗೋಡೆಯ ಮಣ್ಣು ಅಲ್ಲೇ ಉಳಿಯಿತು. ಕಂಬ, ಬೋದಿಗೆ, ತೊಲೆ, ಜಂತಿ, ಬಾಗಿಲು, ಕಿಟಕಿಗಳು ಗಾಡಿ ಏರಿದವು.

ಏರಿದ ಕಟ್ಟಿಗೆ ಎಲ್ಲಿಗೆ ಹೋಯಿತು? ಕೆಲವಕ್ಕೆ ನವನಗರದ ಹೊಸ ಮನೆಗಳಲ್ಲೇ ಜಾಗ ಸಿಕ್ಕಿತು. ಕೆಲವು ಕಟ್ಟಿಗೆ ಅಡ್ಡೆಗೆ ಹೋಗಿ ಗರಗಸದ ಬಾಯಿಗೆ ಬಿದ್ದವು. ಕೆತ್ತನೆ ಚೆಂದವಿದ್ದವು ದೊಡ್ಡ ಶಹರಗಳ ಹಳೆ ಸಾಮಾನಿನ ಅಂಗಡಿ ಸೇರಿದವು. ಮುರಿದದ್ದು ಒಲೆಗೆ. ಒಲೆಯಿಂದಲೂ ತಪ್ಪಿಸಿಕೊಂಡರೆ ಹೋಳಿ ಹುಣ್ಣಿಮೆ ಇದ್ದೇ ಇದೆ. ಬಾಗಲಕೋಟೆಯ ಹುಡುಗರ ಕಣ್ಣಿಗೆ ಬಿದ್ದ ಹಳೆ ಮಂಚದ ಕಾಲು ಕಾಮಣ್ಣನ ಪಾಲಾಗದೆ ಉಳಿಯುವುದು ಕಷ್ಟ!

ನೀರೇ ಬರಬೇಕೆಂದಿಲ್ಲ. ಬಾದಾಮಿ, ಗುಳೇದಗುಡ್ಡ, ಹುನಗುಂದ, ಇಳಕಲ್ಲಿನ ಓಣಿಗಳಲ್ಲೂ ಮೇಲ್ಮುದ್ದೆಯ ಮನೆಗಳು ಒಂದೊಂದಾಗಿ ಇಳಿದು ಸ್ಲ್ಯಾಬಿನ ಮನೆಗಳು ಏಳುತ್ತಿವೆ. ಮಣ್ಣಿನ ಮಾಳಿಗೆ ಸೋರುತ್ತದೆ, ವರ್ಷ ವರ್ಷ ಮಣ್ಣು ಹಾಕಿಸಬೇಕು, ಆ ಕೆಲಸ ಬಲ್ಲ ಆಳು ಸಿಗುವುದಿಲ್ಲ. ಇರುವವರ ಕಷ್ಟ ಇರುವವರಿಗೇ ಗೊತ್ತು. ಮನೆ ಕೆಡವಿದರೆಂದು ಅವರನ್ನು ದೂರುವುದರಲ್ಲಿ ಅರ್ಥವಿಲ್ಲ. ಆದರೆ ಕೆಡವಿದ ಮನೆಯ ಕಟ್ಟಿಗೆಯನ್ನು ಘನ ಅಡಿಯ ಲೆಕ್ಕದಲ್ಲಿ ತೂಗಿಬಿಡುವ ಮೊದಲು ಅರೆಗಳಿಗೆ ನಿಂತು ನೋಡಬೇಕು.

ಈ ಬಯಲುಸೀಮೆಯಲ್ಲಿ ತೇಗ ಬೆಳೆಯುವ ದಟ್ಟ ಕಾಡಿಲ್ಲ. ಬಲ್ಲಿದರ ಮನೆಗೆ ಸಾಗುವಾನಿ ಬರಬೇಕಾದರೆ ದೂರದ ಮಲೆಸೀಮೆಯಿಂದಲೇ ಬರಬೇಕಿತ್ತು. ಬಡವರ ಮನೆಗೆ ಹೊಲದ ಬದುವಿನ ಬೇವು, ಜಾಲಿ. ಹಾಗೆ ಕಷ್ಟಪಟ್ಟು ತಂದ ಮರವನ್ನು ಬಡಿಗರು ಅಳೆದೂ ಸುರಿದೂ ಬಳಸಿದರು. ತಲೆಬಾಗಿಲಿಗೆ ಬಳ್ಳಿ, ಕಮಲ, ಗಿಳಿ ಕೆತ್ತಿದರು. ನೂರು ವರ್ಷ ಒಣಗಿ ಹದಗೊಂಡ ಆ ತೇಗದ ತಿರುಳು ಇಂದು ನೆಟ್ಟು, ಬೇಗ ಬೆಳೆಸಿ, ಎಳೆಯದರಲ್ಲೇ ಕಡಿದ ತೇಗದಲ್ಲಿ ಸುಲಭವಾಗಿ ಸಿಗುವುದಿಲ್ಲ.

ಮರಕ್ಕೆ ಯಾರ ಬೇಲಿ?

ಹುನಗುಂದ ತಾಲ್ಲೂಕಿನ ಐಹೊಳೆಗೆ ಹೋದವರು ಲಾಡಖಾನ ಗುಡಿಯ ಮಾಡನ್ನು ಒಮ್ಮೆ ತಲೆಯೆತ್ತಿ ನೋಡಬೇಕು. ಇಳಿಜಾರಾಗಿ ಹಾಸಿದ ಚಪ್ಪಡಿಗಳ ಸಂದಿಯ ಮೇಲೆ ಉದ್ದುದ್ದ ಕಲ್ಲಿನ ಪಟ್ಟಿಗಳಿವೆ, ಥೇಟ್ ಮರದ ದಿಮ್ಮಿ ಜೋಡಿಸಿದ ಹಾಗೆ. ಕಲ್ಲು ಕೆತ್ತುತ್ತಿದ್ದ ಚಾಲುಕ್ಯರ ಶಿಲ್ಪಿಗಳಿಗೆ ಮರದ ಮನೆಯ ರೂಢಿ ಇತ್ತೆಂಬುದಕ್ಕೆ ಅದು ಸಾಕ್ಷಿ. ಕಲ್ಲು ಉಳಿಯಿತು, ಅದಕ್ಕೆ ದಾರಿ ತೋರಿದ ಮರ ಉಳಿಯಲಿಲ್ಲ. ಇವತ್ತು ಬಾದಾಮಿಯ ಮೇಣಬಸದಿಗೆ ಪುರಾತತ್ವ ಇಲಾಖೆಯ ಬೇಲಿ ಇದೆ. ಪಟ್ಟದಕಲ್ಲಿಗೆ 1987ರಿಂದ ವಿಶ್ವ ಪರಂಪರೆಯ ಪಟ್ಟವಿದೆ. ಕೂಡಲಸಂಗಮದಲ್ಲಿ ನಾರಾಯಣಪುರ ಜಲಾಶಯದ ನೀರು ಬಂದಾಗ ಬಸವಣ್ಣನವರ ಐಕ್ಯಮಂಟಪದ ಸುತ್ತ ಬಾವಿಯಂಥ ಗೋಡೆ ಕಟ್ಟಿ ಉಳಿಸಿಕೊಂಡರು. ಓಣಿಯ ಮನೆಯ ಬಾಗಿಲಿಗೆ ಅಂಥ ಗೋಡೆ ಯಾರೂ ಕಟ್ಟುವುದಿಲ್ಲ. ಅದಕ್ಕೆ ಮನೆಯವರೇ ಬೇಲಿ.

ಇಳಕಲ್ಲಿನಲ್ಲಿ ಕಟ್ಟಿಗೆಯ ಕತೆ ಇನ್ನೊಂದು ಬಗೆಯದು. ಇಳಕಲ್ ಸೀರೆಗೆ 2007ರಲ್ಲಿ ಭೌಗೋಳಿಕ ಸೂಚಿಯ ಮಾನ್ಯತೆಯೇನೋ ದೊರೆಯಿತು. ಆದರೆ ವಿದ್ಯುತ್ ಮಗ್ಗದ ಪೈಪೋಟಿಯಲ್ಲಿ ಅನೇಕ ಕೈಮಗ್ಗಗಳು ನಿಂತುಹೋದವು. ತಲೆಮಾರುಗಳ ಕೈತಾಗಿ ನುಣುಪಾದ ಮಗ್ಗದ ಚೌಕಟ್ಟನ್ನು ಬೆಂಚು, ಮೇಜು ಮಾಡಿಕೊಂಡರೆ ನೋಡಲು ಚೆಂದವೇ. ಆದರೂ ಮಗ್ಗ ನೇಯುವ ಸ್ಥಿತಿಯಲ್ಲಿದ್ದು, ನೇಯುವ ಕೈಯೂ ಇದ್ದರೆ ಅದನ್ನು ಬಿಚ್ಚುವುದು ತಪ್ಪು. ವಸ್ತು ತನ್ನ ಕೆಲಸ ಮಾಡಿಕೊಂಡಿರುವುದೇ ಅದರ ನಿಜವಾದ ರಕ್ಷಣೆ.

ಚೀನಾದ ಕಪಾಟು, ಹುನಗುಂದದ ಕದ

ಹಳೆಯ ಮರದ ಸಾಮಾನನ್ನು ಹೊಸ ಮನೆಗೆ ಒಗ್ಗಿಸುವ ಗೀಳು ಜಗತ್ತಿನಲ್ಲೆಲ್ಲ ಇದೆ. ಚೀನಾದ ಹಳೆ ಕಪಾಟು, ಮಂಚ, ಕುರ್ಚಿಗಳಿಗೆ ಅಮೆರಿಕ, ಯುರೋಪುಗಳಲ್ಲಿ ದೊಡ್ಡ ಮಾರುಕಟ್ಟೆಯೇ ಇದೆ. ಅಫೀಮು ಸೇದಲು ಒರಗುತ್ತಿದ್ದ ಮಂಚ ಅಲ್ಲಿ ಕಾಫಿ ಮೇಜಾಗುತ್ತದೆ, ಮದುಮಗಳ ಬಟ್ಟೆಯ ಕಪಾಟು ಟೀವಿಗೆ ಗೂಡಾಗುತ್ತದೆ. ಮಿಂಗ್ ಅರಸರ ಕಾಲದ ಪೀಠೋಪಕರಣಗಳ ಹಿರಿಯ ವಿದ್ವಾಂಸ ವಾಂಗ್ ಷಿಶಿಯಾಂಗ್ ಜೀವಮಾನವಿಡೀ ಹುಡುಕಿ ಕೂಡಿಸಿದ 79 ವಸ್ತುಗಳು ಈಗ ಶಾಂಘೈ ವಸ್ತುಸಂಗ್ರಹಾಲಯದಲ್ಲಿವೆ.

ಒಳ್ಳೆಯ ಚೀನೀ ಕಪಾಟಿನಲ್ಲಿ ಮೊಳೆ ಹುಡುಕಿದರೂ ಸಿಗುವುದಿಲ್ಲ. ಒಂದು ಪಟ್ಟಿಯಲ್ಲಿ ತೂತು ಕೊರೆದು, ಇನ್ನೊಂದರ ತುದಿಯನ್ನು ಅದಕ್ಕೆ ಸರಿಯಾಗಿ ಕೆತ್ತಿ ಸಿಕ್ಕಿಸುತ್ತಾರೆ. ಚೌಕಟ್ಟಿನ ಒಳಗಿನ ಹಲಗೆಯನ್ನು ಅಂಟಿಸುವುದಿಲ್ಲ. ಸುತ್ತಲಿನ ಗಾಡಿಯಲ್ಲಿ ಸಡಿಲವಾಗಿ ಕೂರಿಸಿರುತ್ತಾರೆ. ಮಳೆಗಾಲದಲ್ಲಿ ಹಲಗೆ ಉಬ್ಬುತ್ತದೆ, ಬೇಸಿಗೆಯಲ್ಲಿ ಕುಗ್ಗುತ್ತದೆ. ಹಾಗೆ ಉಸಿರಾಡಲು ಅದಕ್ಕೆ ಜಾಗ ಬೇಕು. ಹುನಗುಂದದ ಹಳೆ ಕದವೊಂದನ್ನು ತಿರುವಿ ನೋಡಿ. ಚೌಕಟ್ಟಿನೊಳಗೆ ಹಲಗೆ ಕೂರಿಸಿದ ಕದವಾದರೆ ಅಲ್ಲಿಯೂ ಇದೇ ಉಪಾಯ, ಬಿಗಿಗೆ ಮರದ ಬೆಣೆ. ಸಾವಿರಾರು ಮೈಲಿ ದೂರದ ಬಡಿಗರಿಬ್ಬರಿಗೆ ಮರ ಒಂದೇ ಪಾಠ ಹೇಳಿಕೊಟ್ಟಿದೆ. ದುರಸ್ತಿಯ ಮೊದಲ ನಿಯಮವೂ ಇದರಿಂದಲೇ ಹೊರಡುತ್ತದೆ: ಸಡಿಲ ಬಿಟ್ಟದ್ದನ್ನು ಬಿಗಿ ಮಾಡಬೇಡಿ. ಅಲುಗಾಡುತ್ತದೆಂದು ಹಲಗೆಗೆ ಅಂಟು ಹಾಕಿ ಮೊಳೆ ಹೊಡೆದರೆ ಮುಂದಿನ ಬೇಸಿಗೆಗೆ ಅದು ನಡುವೆ ಸೀಳುತ್ತದೆ. ಬಾಗಲಕೋಟೆಯ ಬಿಸಿಲಿಗೆ ಒಣಗಿದ ಬಾಗಿಲನ್ನು ಕರಾವಳಿಗೆ ಒಯ್ಯುವವರೂ, ಏಸಿ ಕೋಣೆಯಲ್ಲಿ ನಿಲ್ಲಿಸುವವರೂ ಇದನ್ನು ಮರೆಯಬಾರದು.

ಉಳಿಸುವುದು ಹೇಗೆ?

ಬಿಚ್ಚುವ ಮೊದಲು ಫೋಟೋ ತೆಗೆಯಿರಿ. ಪ್ರತಿ ತುಂಡಿಗೂ ಅಂಕಿ ಹಾಕಿ ಚೀಟಿ ಕಟ್ಟಿ. ಸೀಮೆಸುಣ್ಣದ ಗುರುತು ಒಂದೇ ಮಳೆಗೆ ಅಳಿಸಿಹೋಗುತ್ತದೆ. ಆಮೇಲೆ ದಬ್ಬಳದಿಂದ ಅಲ್ಲಲ್ಲಿ ಒತ್ತಿ ನೋಡಿ. ಸುಲಭವಾಗಿ ಒಳಗೆ ಇಳಿದರೆ ಗೆದ್ದಲು ತಿಂದಿದೆ ಅಥವಾ ಕೊಳೆತಿದೆ ಎಂದು ತಿಳಿಯಿರಿ. ಸಣ್ಣ ತೂತುಗಳಿಂದ ಹಿಟ್ಟಿನಂಥ ಪುಡಿ ಉದುರುತ್ತಿದ್ದರೆ ಮರ ಕೊರೆಯುವ ಹುಳ ಇನ್ನೂ ಒಳಗಿದೆ. ಅಂಥದನ್ನು ಮನೆಯೊಳಗಿನ ಬೇರೆ ಸಾಮಾನಿನ ಪಕ್ಕಕ್ಕೆ ಇಡಬಾರದು. ಬೋರಾಕ್ಸ್ ಮತ್ತು ಬೋರಿಕ್ ಆಸಿಡ್ ಬೆರೆಸಿದ ದ್ರಾವಣವನ್ನು ಬಣ್ಣವಿಲ್ಲದ ಬರಿ ಮರಕ್ಕೆ ಹೀರಿಸುವುದು ಬಳಕೆಯಲ್ಲಿರುವ ಒಂದು ಉಪಾಯ. ಹುಳ ಮೊದಲು ಹಿಡಿಯುವುದು ತೊಗಟೆಯ ಬಳಿಯ ಬಿಳಿ ಕಟ್ಟಿಗೆಯನ್ನು. ತೇಗದ ತಿರುಳು ಸಾಮಾನ್ಯವಾಗಿ ಗಟ್ಟಿಯಾಗಿಯೇ ಇರುತ್ತದೆ.

ಇನ್ನು ತೊಳೆಯುವ ಮಾತು. ಹಳೆ ಬಾಗಿಲಿನ ಮೇಲೆ ಹೊಗೆ, ಎಣ್ಣೆ, ಅರಿಸಿನ-ಕುಂಕುಮ, ಅದರ ಮೇಲೆ ಐದಾರು ಬಾರಿಯ ಎಣ್ಣೆಬಣ್ಣ ಇರುತ್ತದೆ. ಬೇಗ ಮುಗಿಯಲಿ ಎಂದು ಕಾಸ್ಟಿಕ್ ಸೋಡಾದ ನೀರಿನಲ್ಲಿ ಅದ್ದುವವರಿದ್ದಾರೆ. ಬಣ್ಣದ ಜೊತೆಗೆ ಮರದ ಜೀವವೂ ಹೋಗುತ್ತದೆ. ತೇಗ ಕಪ್ಪಾಗುತ್ತದೆ, ಹಳೆ ಅಂಟು ಬಿಟ್ಟು ಸಂದಿಗಳು ಬಾಯಿ ತೆರೆಯುತ್ತವೆ. ಬರಿ ಕೊಳೆಯಾದರೆ ಮೆತ್ತನೆ ಬ್ರಷ್ಷು, ಸಾಬೂನು ನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆ ಸಾಕು. ಎಣ್ಣೆಬಣ್ಣ ತೆಗೆಯಲೇಬೇಕಿದ್ದರೆ ಒಣ ಉಪ್ಪುಕಾಗದ ಹಿಡಿದು ಉಜ್ಜಬೇಡಿ. ಮನೆಯ ಬಣ್ಣದಲ್ಲಿ ಸೀಸದ ಪ್ರಮಾಣಕ್ಕೆ ನಮ್ಮಲ್ಲಿ ಕಾನೂನಿನ ಮಿತಿ ಜಾರಿಗೆ ಬಂದದ್ದು 2017ರಲ್ಲಿ. ಅದಕ್ಕೂ ಹಿಂದಿನ ಬಣ್ಣದ ದೂಳು ಮಕ್ಕಳ ಮೈಗೆ ವಿಷ. ತೇವ ಮಾಡಿ, ಮೂಗಿಗೆ ಮುಸುಕು ಕಟ್ಟಿ, ಮಕ್ಕಳಿಂದ ದೂರದಲ್ಲಿ ಕೆರೆಯಿರಿ.

ಮುರಿದ ಜಾಗಕ್ಕೆ ಅದೇ ಜಾತಿಯ ಹಳೆ ಕಟ್ಟಿಗೆಯ ತೇಪೆ ಹಾಕಿಸಿ. ತೇಪೆಯ ಎಳೆ ಬಾಗಿಲಿನ ಎಳೆಯ ದಿಕ್ಕಿನಲ್ಲೇ ಓಡಬೇಕು. ಹಿಂದಿನ ಬಡಿಗರು ಚರ್ಮ, ಮೂಳೆ ಕುದಿಸಿ ಮಾಡಿದ ಅಂಟು ಬಳಸುತ್ತಿದ್ದರು. ಶಾಖ, ನೀರು ತಾಕಿದರೆ ಅದು ಬಿಡುತ್ತದೆ. ಅದನ್ನು ದೋಷ ಎನ್ನುವುದಕ್ಕಿಂತ ಗುಣ ಎನ್ನಬೇಕು, ಏಕೆಂದರೆ ಮುಂದೆ ಬರುವವರು ಬಿಚ್ಚಿ ಮತ್ತೆ ಸರಿ ಮಾಡಬಹುದು. ಇಂದಿನ ಅಂಟು ಒಮ್ಮೆ ಹಿಡಿದರೆ ಬಿಡಿಸುವುದು ಕಷ್ಟ. ಆದ್ದರಿಂದ ಬೆಣೆ ಸಾಲುವಲ್ಲಿ ಅಂಟು ಬೇಡ, ಅಂಟು ಸಾಲುವಲ್ಲಿ ಮೊಳೆ ಬೇಡ.

ಕೊನೆಯ ಹೊಳಪಿಗೆ ಈ ಸೀಮೆಯದೇ ಮದ್ದಿದೆ, ಅಗಸೆ ಎಣ್ಣೆ. ತೆಳ್ಳಗೆ ಹಚ್ಚಿ, ಹೆಚ್ಚಾದದ್ದನ್ನು ಒರೆಸಿ, ದಿನಗಟ್ಟಲೆ ಒಣಗಲು ಬಿಟ್ಟು ಮತ್ತೆ ಹಚ್ಚಬೇಕು. ಮೇಲೆ ಜೇನುಮೇಣ ತಿಕ್ಕಿದರೆ ಹದವಾದ ಕಾಂತಿ ಬರುತ್ತದೆ. ಗಾಜಿನಂತೆ ಮಿನುಗುವ ದಪ್ಪ ವಾರ್ನಿಶ್ ಬಳಿದರೆ ನೂರು ವರ್ಷದ ಕದ ನಿನ್ನೆಯ ಪ್ಲಾಸ್ಟಿಕ್ಕಿನಂತೆ ಕಾಣುತ್ತದೆ. ಒಂದು ಎಚ್ಚರಿಕೆ: ಅಗಸೆ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಅದು ತಾನಾಗಿ ಕಾದು ಹೊತ್ತಿಕೊಳ್ಳುವುದುಂಟು. ಬಿಡಿಸಿ, ಬಯಲಲ್ಲಿ ಹರವಿ ಒಣಗಿಸಿ.

ಹೊಸ ಮನೆಯಲ್ಲಿ ಜಾಗ ಕೊಡುವಾಗಲೂ ವಿವೇಕ ಬೇಕು. ಹಳೆ ತಲೆಬಾಗಿಲು ಹಲವೆಡೆ ಗಿಡ್ಡ. ತಲೆ ಬಾಗಿ ಒಳಬರಬೇಕಿತ್ತು. ಎತ್ತರ ಸಾಲದೆಂದು ಚೌಕಟ್ಟನ್ನು ಕೊಯ್ಯುವುದಕ್ಕಿಂತ ಮೇಲೊಂದು ಬೆಳಕಿಂಡಿ ಕೂಡಿಸುವುದು ಲೇಸು. ದೇವರ ಕೋಣೆಗೋ ಓದುವ ಕೋಣೆಗೋ ಹಾಕಿದರೆ ಗಿಡ್ಡ ಬಾಗಿಲೇ ಒಪ್ಪುತ್ತದೆ. ಜೋಕಾಲಿ ತೂಗುಹಾಕುವವರು ಸ್ಲ್ಯಾಬಿಗೆ ಬರಿ ಕೊಕ್ಕೆ ಹೊಡೆದು ನಂಬಬಾರದು. ಭಾರ ತೊಲೆಯ ಮೇಲೆ ಬೀಳುವಂತೆ ಎಂಜಿನಿಯರನ್ನು ಕೇಳಿಯೇ ಹಾಕಿಸಬೇಕು. ಕದವನ್ನು ಮಲಗಿಸಿ ಗಾಜು ಹೊದಿಸಿ ಮೇಜು ಮಾಡುವುದು ಈಗಿನ ಫ್ಯಾಷನ್. ಒಲೆಗೆ ಹಾಕುವುದಕ್ಕಿಂತ ಅದು ಸಾವಿರ ಪಾಲು ಮೇಲು, ಕೊಯ್ಯದೆ ಮಾಡಿದರೆ.

ಊರು ಬಿಟ್ಟು ಉಳಿದ ಮನೆಗಳು

ಇಡೀ ಮನೆಗಳನ್ನೇ ಹೊತ್ತೊಯ್ದು ಉಳಿಸಿದ ಪುಣ್ಯಾತ್ಮರೂ ಇದ್ದಾರೆ. ಮಣಿಪಾಲದಲ್ಲಿ ವಿಜಯನಾಥ ಶೆಣೈ ಕಟ್ಟಿದ ಹಸ್ತಶಿಲ್ಪ ಪರಂಪರಾ ಗ್ರಾಮದಲ್ಲಿ ನಮ್ಮ ಮುಧೋಳದ ಅರಮನೆಯ ದರ್ಬಾರ್ ಹಾಲ್ ಇದೆ. ಚೆನ್ನೈ ಬಳಿ 1996ರಲ್ಲಿ ಆರಂಭವಾದ ದಕ್ಷಿಣಚಿತ್ರದಲ್ಲಿ ಇಳಕಲ್ ನೇಕಾರರ ಮನೆ ಇದೆ. ಚೀನಾದ ಹುಯಿಝೌ ಸೀಮೆಯ ವರ್ತಕರ ಇನ್ನೂರು ವರ್ಷದ ಮನೆಯೊಂದನ್ನು ತುಂಡು ತುಂಡಾಗಿ ಬಿಚ್ಚಿ, ಅಮೆರಿಕದ ಸೇಲಂ ಪಟ್ಟಣಕ್ಕೆ ಒಯ್ದು, 2003ರಲ್ಲಿ ಜನರಿಗೆ ತೆರೆದರು. ಅದೇ ವರ್ಷ ಆ ದೇಶದ ತ್ರೀ ಗಾರ್ಜಸ್ ಅಣೆಕಟ್ಟಿನಲ್ಲಿ ನೀರು ನಿಲ್ಲತೊಡಗಿತು. ಆ ಯೋಜನೆಗಾಗಿ ಎತ್ತಂಗಡಿಯಾದವರು ಹತ್ತು ಲಕ್ಷಕ್ಕೂ ಹೆಚ್ಚು. ಮುಧೋಳದ ದರ್ಬಾರನ್ನು ನೋಡಲು ಬಾಗಲಕೋಟೆಯವರು ಮಣಿಪಾಲಕ್ಕೆ ಹೋಗಬೇಕಾಗಿರುವುದು ಸಂತೋಷವೂ ಹೌದು, ಸಂಕಟವೂ ಹೌದು.

ಮಾರುವವರು ಕಾನೂನನ್ನೂ ತಿಳಿದಿರಬೇಕು. 1972ರ ಪ್ರಾಚ್ಯವಸ್ತು ಕಾಯಿದೆಯ ಪ್ರಕಾರ ನೂರು ವರ್ಷ ದಾಟಿದ ಕಲಾಕುಸುರಿಯ ವಸ್ತುವನ್ನು ಖಾಸಗಿಯವರು ದೇಶದ ಹೊರಗೆ ಸಾಗಿಸುವಂತಿಲ್ಲ. ಅಂಥ ವಸ್ತುಗಳ ವ್ಯಾಪಾರಕ್ಕೆ ಪರವಾನಗಿ ಬೇಕು. ಗಡಿಬಿಡಿ ಮಾಡಿ ರೊಕ್ಕ ಎಣಿಸುವ ಕೊಳ್ಳುಗನನ್ನು ನಾಲ್ಕು ಪ್ರಶ್ನೆ ಕೇಳಿದರೆ ನಷ್ಟವೇನಿಲ್ಲ.

ಮುಳುಗಡೆಯ ಕತೆ ಮುಗಿದಿಲ್ಲ. ಆಲಮಟ್ಟಿಯಲ್ಲಿ ಈಗ ನೀರು ನಿಲ್ಲುವುದು 519.60 ಮೀಟರಿಗೆ. ಅದನ್ನು 524.256 ಮೀಟರಿಗೆ ಏರಿಸಲು ಕೃಷ್ಣಾ ನ್ಯಾಯಮಂಡಳಿ 2010ರ ತೀರ್ಪಿನಲ್ಲೇ ಒಪ್ಪಿದೆ. ಆ ಮಟ್ಟಕ್ಕೆ ನೀರು ಬಂದ ದಿನ ಇನ್ನಷ್ಟು ಹಳ್ಳಿಗಳು, ಬಾಗಲಕೋಟೆಯ ಇನ್ನಷ್ಟು ಓಣಿಗಳು ಏಳಬೇಕು. ಹೊಲಕ್ಕೆ ಎಷ್ಟು, ಮನೆಗೆ ಎಷ್ಟು ಎಂಬ ಪರಿಹಾರದ ಲೆಕ್ಕ ಮುಖ್ಯವೇ. ಅದರ ನಡುವೆ ಇನ್ನೊಂದು ಸಣ್ಣ ಕೆಲಸವಿದೆ, ಅದಕ್ಕೆ ಸರಕಾರದ ಅಪ್ಪಣೆ ಬೇಕಿಲ್ಲ. ಬಾಗಿಲು ಬಿಚ್ಚುವ ದಿನ ಅದರ ಹಿಂಬದಿಯಲ್ಲಿ, ಕೆತ್ತನೆ ಇಲ್ಲದ ಜಾಗದಲ್ಲಿ, ಸೀಸದ ಕಡ್ಡಿಯಿಂದ ನಾಲ್ಕು ಮಾತು ಬರೆದಿಡಿ: ಊರು, ಓಣಿ, ಮನೆತನ, ಬಿಚ್ಚಿದ ವರ್ಷ. ಗೊತ್ತಿದ್ದರೆ ಕೆತ್ತಿದ ಬಡಿಗನ ಹೆಸರು. ಮೇಣ ತಿಕ್ಕಿದರೂ ಆ ಬರಹದ ಮೇಲೆ ಕೈಯಾಡಿಸಬೇಡಿ. ನಾಳೆ ಆ ಬಾಗಿಲು ಯಾವ ಶಹರದ ಯಾವ ಮಹಡಿಯಲ್ಲಿ ನಿಂತಿದ್ದರೂ, ತಾನು ಎಲ್ಲಿಯದು ಎಂದು ಹೇಳಲು ಅದಕ್ಕೊಂದು ಬಾಯಿ ಇರುತ್ತದೆ.